ಟಿಕೆಟ್ ಇಲ್ಲದಾಂವ

ಸೊನ್ನಿಯಿಂದ ಹತ್ತರೊಳಗ ನೋವು ಎಷ್ಟು, ಹೇಳ್ರಿ ಅಜ್ಜಾರ,
ಅಂತ ಡಾಕ್ಟರ್ ಸಬೀಹಾ ಕೇಳಿದ್ರು.
ನನಗ ಆ ಲೆಕ್ಕ ಬರೂದಿಲ್ಲವ್ವ.
ಮೂವತ್ತೊಂದು ವರ್ಷ ವಿಜಾಪುರ–ತಾಳಿಕೋಟಿ ಗಾಡಿಯೊಳಗ
ನಿಂತಕೊಂಡ ಟಿಕೆಟ್ ಹರದಾಂವ ನಾನು, ಚನಮಲ್ಲಪ್ಪ.
ಮುಂಜಾನಿ ಎದ್ದಾಗ ಬ್ಯಾನಿ ಮನಗೂಳಿ ಮಟಾ ಇರತದ,
ಜಳಕ ಆಗೂದ್ರೊಳಗ ಬಾಗೇವಾಡಿ,
ಸಂಜಿಗೆ ಹೂವಿನ ಹಿಪ್ಪರಗಿ ದಾಟತದ.
ರಾತ್ರಿ ಎರಡಕ್ಕ
ತಾಳಿಕೋಟಿ ಸ್ಟ್ಯಾಂಡಿನ್ಯಾಗ, ಇಂಜಿನ್ ಬಂದ್ ಮಾಡದ,
ಗುರ್ ಗುರ್ ಅನಕೋತ ನಿಂತಿರತದ.

ಅವರು ನಗಲಿಲ್ಲ. ಬರಕೊಂಡ್ರು.

ನೋವಿಗೇನು, ಪಕ್ಕಾ ಟಿಕೆಟ್ ಅದ.
ಎಕ್ಸ್‌ರೇ ಅದ,
ಬೆನ್ನಿನ ನಾಕನೇ ಮಣಿ ಐದನೇದರ ಮ್ಯಾಲ ಕುಂತದಂತ
ಸಹಿ ಶಿಕ್ಕಾ ಎಲ್ಲಾ ಅದ.
ತಗದು ತೋರಿಸಿದ್ರ ಪಾಪ ಅಂತಾರ, ಸೀಟ್ ಬಿಡ್ತಾರ.

ಅದರ ಬೆನ್ನಿಗೆ ಹತ್ತಿದಾಂವ ಬ್ಯಾರೆ.
ಯಾವ ಸ್ಟಾಪಿನ್ಯಾಗ ಹತ್ತಿದನೋ, ನಾ ನೋಡಲಿಲ್ಲ.
ಫುಟ್‌ಬೋರ್ಡಿನ ಮ್ಯಾಲ ಮಾರಿ ಆ ಕಡೆ ಮಾಡಿ ನಿಂತಾನ.
ಆಂವ ಬಂದಮ್ಯಾಲ ಶೇಂಗಾ ಹಿಂಡಿಗೆ ಉಪ್ಪಿಲ್ಲ
(ಹಾಕೀನಿ ಅಂತಾಳ ಗುರುಬಾಯಿ, ಆಣಿ ಮಾಡ್ತಾಳ),
ಮೊಮ್ಮಗಳು ಲೂಡೋ ಹಾಸಿದ್ರ ಕೈ ಏಳೂದಿಲ್ಲ,
ಜಲನಗರದ ಕಟ್ಟಿ ಮ್ಯಾಲಿಂದ ಗೆಳ್ಯಾರು ಒದರಿದ್ರ
ಸ್ವಂಟ ಬ್ಯಾನಿ ಅಂತ ಹೇಳಿ ಕಳಸ್ತೀನಿ.
ಅದು ಖರೇನೂ ಹೌದು.
ಖರೇದ ಹಿಂದ ಅಡಗೂದು ಭಾಳ ಹಗರ.

ಹೋದ ವರ್ಷ ಮನಸ್ಸಿನ ಗುಳಿಗಿ ಬರದು ಕೊಟ್ಟಾಗ ಸಿಟ್ಟು ಬಂತು.
ಬೆನ್ನು ಹೋದಾಂವಗ ತಲಿ ಔಷಧ ಯಾಕ,
ನನಗೇನು ಹುಚ್ಚ ಹಿಡದದ?
ಹತ್ತು ದಿನ ನುಂಗಿದೆ. ಹತ್ತೂ ರಾತ್ರಿ ತಾಳಿಕೋಟಿ.
ಹನ್ನೊಂದನೇ ದಿನ ಚೀಟಿ ಸಮೇತ
ಹಳೇ ಟಿಕೆಟ್ ಪೆಟಗಿಯೊಳಗ ಇಟ್ಟು ಕೀಲಿ ಜಡದೆ.

ಡಾಕ್ಟರಮ್ಮ ಇವತ್ತ ಅಂದ್ರು:
ಬ್ಯಾನಿ ಅಷ್ಟು ಗದ್ದಲಾ ಮಾಡೂಮುಂದ
ಗುಳಿಗಿ ಹೆಜ್ಜಿ ಇಟ್ಟದ್ದು ಕೇಳಸೂದಿಲ್ಲ ಅಜ್ಜಾರ.
ಬೆನ್ನಿಗೂ ಕೊಡ್ತೀನಿ, ಮನಸ್ಸಿಗೂ ಕೊಡ್ತೀನಿ,
ಒಬ್ಬನ್ನಷ್ಟ ಇಳಿಸಾಕ ಹೋದ್ರ ಇನ್ನೊಬ್ಬ ಕೈ ಹಿಡದು ಜಗ್ಗತಾನ.
ಆರು ವಾರ ನೋಡೂಣು.
ದಿನಾ ಕಟ್ಟಿ ಮಟಾ ನಡೀರಿ. ಬರೇ ಕಟ್ಟಿ ಮಟಾ.

ಈಗ ಐದನೇ ವಾರ.
ಬ್ಯಾನಿ ಏನ್ ಹೋಗಿಲ್ಲ,
ಸಂಜಿಗೆ ಬಾಗೇವಾಡಿಯೊಳಗ ಚಾ ಕುಡಕೋತ ಕುಂಡ್ರತದ, ಅಷ್ಟ.
ಕೆಲವು ರಾತ್ರಿ ಮತ್ತ ತಾಳಿಕೋಟಿ.
ನಿನ್ನೆ ಕಟ್ಟಿ ಮ್ಯಾಲ ಡ್ರೈವರ್ ಮಕ್ತುಮ ಅಂದ:
ಏ ಕಂಡಕ್ಟರ್, ತೊಂಬತ್ತಾರನೇ ಇಸ್ವಿಯೊಳಗಿನ ನನ್ನ ಎಂಟಾಣೆ ಚಿಲ್ಲರಿ?
ನಕ್ಕೆ.
ನಕ್ಕಿದ್ದಕ್ಕ ಸ್ವಂಟ ಚುರಕ್ ಅಂತು.
ಫುಟ್‌ಬೋರ್ಡಿನ ಮ್ಯಾಲ ನಿಂತಾಂವ
ಮೊದಲನೇ ಸಲ ಈ ಕಡೆ ಹೊಳ್ಳಿ ನೋಡಿದ.
ಹಳೇ ಚಾಳಿ, ಕೈ ತಾನಾಗೇ ಚೀಲಕ್ಕ ಹೋತು.
ಎಲ್ಲೀಗಪಾ, ಅಂತ ಕೇಳಿದೆ.