ಎರಡು ಎಡಗಳು

ಕೋಡಿಬಾಗದ ಹೆದ್ದಾರಿಗೆ ಬೆನ್ನು ಹಾಕಿದ ನನ್ನ ಶೆಡ್ಡಿನಲ್ಲಿ
ಬಾಗಿಲು ಕೆತ್ತುತ್ತಿದ್ದ ಮೇಜೊಂದು ಬಂದು ಕೂತಿದೆ.
ಪುರ್ಸು ಆಚಾರಿ ಮಾರಿದ್ದು. ಹಳಿಗಳ ಸಂದಿಯಲ್ಲಿ
ಇನ್ನೂ ಸಾಗವಾನಿಯ ಹಿಟ್ಟು,
ಹಲಗೆಯ ಮೇಲೆ ಅರ್ಧ ನವಿಲಿನ ಗಾಯ.

"ಸೀಟಿನ ಕೆಲಸಕ್ಕೆ ಇದು ಆಗೂದಿಲ್ಲ ಮಾರಾಯ" ಅಂದಿದ್ದ.
ಆಗಲಿಲ್ಲ, ಮೊದಲ ದಿನ.
ಗಿರಗಿರ ತಿರುಗುವ ಮೊನೆ
ರೆಗ್ಜಿನ್ ಕೊಯ್ಯುವ ಬದಲು ಸುತ್ತಿಕೊಂಡಿತು,
ಬೋಟಿನ ಪಂಖ ಬಲೆ ನುಂಗಿದ ಹಾಗೆ.

ಮೋಟಾರು ಬಿಚ್ಚುವ ಮೊದಲು ಅದರಿಂದಲೇ
ಎರಡು ಸಾವಿರ ತೂತು ಕೊರೆಸಿದೆ,
ತನ್ನ ಮೈಗೆ ತಾನೇ.
ಕೆಳಗೆ ಗುಜರಿಯ ಎರಡು ವ್ಯಾಕ್ಯೂಮ್ ಕ್ಲೀನರ್.
ಗುಂಡಿ ಒತ್ತಿದರೆ ಹಲಗೆ ಉಸಿರು ಒಳಗೆಳೆದು
ಹಾಳೆಯನ್ನು ಕಚ್ಚಿ ಹಿಡಿಯುತ್ತದೆ.
ಆಚೆಮನೆಯ ಶೆವಂತಿ ಬಾಯಿ ಒಣಮೀನು ಒಳಗೆ ತರಲು ಓಡುತ್ತಾಳೆ,
ಸಮುದ್ರದ ಕಡೆಯಿಂದ ಮಳೆ ಬಂತೆಂದು.

ಮೋಟಾರಿನ ಜಾಗಕ್ಕೆ ಒಂದು ಚೂರಿ.
ತಾನಾಗಿ ತಿರುಗದು; ಎಳೆದತ್ತ ಮುಖ ಮಾಡುತ್ತದೆ,
ಕುರ್ಚಿಯ ಕಾಲಿನ ಪುಟ್ಟ ಗಾಲಿಯಂತೆ.
ಮೂಲೆ ಬಂದಾಗ ಹೇಳಿಕೊಡಬೇಕು:
ತುಸು ಏಳು, ತಿರುಗು, ಮತ್ತೆ ಇಳಿ.
ಮರೆತರೆ ಮೂಲೆಯೆಲ್ಲ ಬೋಂಡಾ.

ಇನ್ನು ನಕ್ಷೆ.
ಮೊಳೆಗೆ ನೇತುಬಿದ್ದಿವೆ ಲಾದ್ರು ಮಾಮನ ರಟ್ಟುಗಳು,
ಸೀಸದ ಕಡ್ಡಿಯಲ್ಲಿ ಅವರದೇ ಅಕ್ಷರ:
ಓಮ್ನಿ, ಮುಂದಿನದು, ಎಡ.
ಬಲಕ್ಕೆ ಬೇರೆ ರಟ್ಟಿಲ್ಲ.
ಬಲ ಅಂದರೆ ಎಡವನ್ನು ಮಗುಚುವುದು, ದೋಸೆಯ ಹಾಗೆ.
ಹಾಗೆಯೇ ಕಲಿಸಿದ್ದರು, ಹಾಗೆಯೇ ಕಲಿತೆ.

ರಟ್ಟಿನ ಅಂಚಿಗೆ ಚುಕ್ಕಿ ಇಟ್ಟು ಪರದೆಗೇರಿಸಿದ ರಾತ್ರಿ
ಬಿಚ್ಚಿದ ಕಂಪನಿ ಕವರನ್ನೂ ಪಕ್ಕದಲ್ಲಿ ಅಳೆದೆ.
ಬಲದ ಸೊಂಟದಲ್ಲಿ ಮೂರು ಮಿಲಿಮೀಟರ್ ತಪ್ಪು.
ಮತ್ತೆ ಅಳೆದೆ. ಮೂರೇ.
ಬಲಸೀಟಿನ ಸನ್ನೆಯ ಪಕ್ಕ ಏಳುತ್ತಿದ್ದ ಆ ಸುಕ್ಕು!
ಹತ್ತೊಂಬತ್ತು ವರ್ಷ ಅದನ್ನು ಎಳೆದು, ಉಂಗುರ ಹಾಕಿ,
"ಕೂತು ಕೂತು ಸರಿಯಾಗ್ತದೆ" ಎಂದು ಕಳಿಸಿದ್ದೆವು.
ಸರಿಯೂ ಆಗುತ್ತಿತ್ತು.
ಇಡೀ ಕಾರವಾರದ ಅಂಡು ಸೇರಿ
ನಮ್ಮ ತಪ್ಪನ್ನು ಇಸ್ತ್ರಿ ಮಾಡಿತ್ತು.

ಇಷ್ಟು ತಿಳಿದವನು ಮರುದಿನ ಏನು ಮಾಡಿದೆ?
ಡ್ರೈವಿಂಗ್ ಸ್ಕೂಲಿನ ಸುಹಾಸಿನಿ ಟೀಚರ ಕಾರಿಗೆ
ಕಾಫಿ ಬಣ್ಣದ ದುಬಾರಿ ತೊಗಲು ಹಾಸಿ
ಎರಡು ಸಲ ಎಡವನ್ನೇ ಕೊಯ್ಸಿದೆ.
ಯಂತ್ರ ತಕರಾರು ಮಾಡಲಿಲ್ಲ.
ಅಂಚು ಬೆಣ್ಣೆಯಂತೆ. ತಪ್ಪು ಅಷ್ಟು ಚೆನ್ನಾಗಿ ಆದದ್ದು
ನನ್ನ ಕೈಯಲ್ಲಿ ಅದೇ ಮೊದಲು.
ಆ ತುಂಡು ಈಗ ದಾಮು ಹರಿಕಾಂತನ ದೋಣಿಯಲ್ಲಿದೆ,
ನಡುಹಲಗೆಯ ಮೇಲೆ. ಅಲ್ಲಿ ಎಡಬಲ ಕೇಳುವವರಿಲ್ಲ.

ಭಾನುವಾರ ಪೂಜೆ ಮುಗಿಸಿ ಲಾದ್ರು ಮಾಮ ಬಂದರು.
ಮೂರು ಮಿಲಿಮೀಟರ್ ಬಗ್ಗೆ ಹೇಗೆ ಹೇಳುವುದೆಂದು
ಚಹಾ ತರಿಸಿದೆ, ಬಿಸ್ಕೀಟು ತರಿಸಿದೆ,
ಕೊನೆಗೆ ಹೇಳಿದೆ.
"ಗೊತ್ತಿತ್ತು" ಅಂದರು, ಬಿಸ್ಕೀಟು ಅದ್ದುತ್ತ.
"ಆಗ ಟಿವಿ ಡಬ್ಬ ಒಂದೇ ಸಿಕ್ಕಿತ್ತು."

ರಟ್ಟು ಮಗುಚಿ ನೋಡಿದೆ. ಹೌದು,
ಮಾಸಿದ ಬಾಣದ ಗುರುತು, ಒಡೆಯುವ ಗ್ಲಾಸಿನ ಚಿತ್ರ.

ಹೊಸ ಬಲಸೀಟಿನಲ್ಲಿ ಮಾಮ ಕೂತರು.
ಬಣ್ಣದ ಮಾತಿಲ್ಲ, ಹೊಲಿಗೆಯ ಮಾತಿಲ್ಲ.
ಸನ್ನೆಯ ಪಕ್ಕ ಅವರ ಬೆರಳು
ಮೆಲ್ಲಗೆ ಒಮ್ಮೆ ಹೋಯಿತು,
ಹಿಂದೆ ಬಂತು,
ಮತ್ತೆ ಹೋಯಿತು.