ಕಡಲು ಕೇರಿದ್ದು

ಬೋತಾವಿಲ್‌ನಿಂದ ಕಡಲಿಗೆ ಬಸ್ಸಿನಲ್ಲಿ
ಒಂದಿಡೀ ರಾತ್ರಿ, ಮೇಲೆ ಅರ್ಧ ಹಗಲು.
ನಮ್ಮಜ್ಜಿ ಎಂದೂ ಹೋದವಳಲ್ಲ.
ಆದರೂ ಅವಳ ಮಂಚದಡಿ ಒಂದು ಕಡಲಿತ್ತು,
ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯಲ್ಲಿ;
ಬಿಳಿ ನಿಲುವಂಗಿಯ ಚರ್ಚಿನ ಹೆಂಗಸರು ಡರ್ಬನ್ನಿಗೆ ಹೋದಾಗ
ಸೊಂಟದವರೆಗೆ ನೀರಿಗಿಳಿದು ತುಂಬಿ ತಂದದ್ದು.
ಹೊಟ್ಟೆನೋವಿಗೆ ಒಂದು ಗುಟುಕು,
ಕೆಟ್ಟ ಕನಸಿಗೆ ಹೊಸ್ತಿಲ ಮೇಲೆ ನಾಲ್ಕು ಹನಿ.
ಸೋದರಮಾವ ಮೊಖೆಲೆ ಗಣಿಯಿಂದ ಕೆಮ್ಮುತ್ತ ಬಂದ ಚಳಿಗಾಲ
ಪೂರಾ ಬಾಟಲಿ ಖಾಲಿಯಾಯಿತು.
ಕೆಮ್ಮು ಖಾಲಿಯಾದದ್ದು ಆಮೇಲೆ, ಅವನ ಜೊತೆಗೇ.

ನಾನು ಕೊರೆಯುವವರ ಹತ್ತಿರ ದಿನಗೂಲಿ.
ಕೊಯ್ಲಾದ ಮೆಕ್ಕೆಜೋಳದ ಕೂಳೆಗಳ ನಡುವೆ
ಯಂತ್ರ ಕೊಳವೆ ಇಳಿಸುತ್ತದೆ, ಕಲ್ಲಿನ ಕೋಲುಗಳನ್ನು ಎತ್ತಿ ಕೊಡುತ್ತದೆ.
ನಾನು ತೊಳೆದು, ತಗಡಿನ ತಟ್ಟೆಗಳಲ್ಲಿ ಸಾಲಾಗಿ ಮಲಗಿಸಿ
ಆಳ ಬರೆಯುತ್ತೇನೆ: ಒಂಬತ್ತು ಮೀಟರು. ಹತ್ತು. ಹನ್ನೊಂದು.
ಹನ್ನೊಂದೂವರೆಗೆ ಕೋಲು ಕಪ್ಪಾಗುತ್ತದೆ,
ಪಟ್ಟೆ ಪಟ್ಟೆಯಾಗಿ, ಹಿಟ್ಟಿನ ನಡುವೆ ಸೀದ ಹಿಟ್ಟು.
ಕೈಗೆ ಒಮ್ಮೆಲೇ ಭಾರ,
ನಿದ್ದೆಹೋದ ಮಗುವನ್ನು ಎತ್ತಿಕೊಂಡಾಗ ಆಗುವಂಥ ಭಾರ.
ಹತ್ತಿರ ಹಿಡಿದ ಪೆಟ್ಟಿಗೆ ಟಿಕ್ ಟಿಕ್ ಅನ್ನುತ್ತದೆ.

"ಇದು ದಂಡೆ," ಅಂದ ಫೆಂಟರ್, ಸಿಗರೇಟು ಆರಿಸುತ್ತ,
ನೆರೆಯವರು ಮೊದಲಿದ್ದ ಮನೆ ತೋರಿಸುವವನ ಹಾಗೆ.
"ಅಲೆ ಇಲ್ಲೇ ಒಡೆಯುತ್ತಿತ್ತು. ಡೈನೋಸಾರುಗಳಿಗೂ ಮುಂಚೆ."
ಆಮೇಲೆ ಹಾಜರಿ ಕರೆದ:
ಇಲ್ಮನೈಟ್, ರೂಟೈಲ್, ಜಿರ್ಕಾನ್, ಮೊನಜೈಟ್.
ಕೋಟಿಗಟ್ಟಲೆ ವರ್ಷ, ಒಬ್ಬರೂ ಗೈರುಹಾಜರಿಲ್ಲ.

ಸಂಜೆ ಒಂದು ಒಡೆದ ಚೂರನ್ನು ಕರವಸ್ತ್ರದಲ್ಲಿ ಕಟ್ಟಿ ತಂದೆ.
ಕದ್ದೆ ಅನ್ನಿ.
"ನ್ಕೊನೊ, ಇಗೋ ಕಡಲು."
ಅಜ್ಜಿ ಗುಂಡುಕಲ್ಲಿನಲ್ಲಿ ಅರೆದಳು, ನಾಲಿಗೆಯ ತುದಿಗೆ ಮುಟ್ಟಿಸಿದಳು.
"ಉಪ್ಪೇ ಇಲ್ಲ."
"ಉಪ್ಪು ಹಗುರ, ಅಜ್ಜಿ. ಮೊದಲು ಹೋಗುವುದೇ ಅದು."
ನಂಬಲಿಲ್ಲ. ಗೋಡೆಯಿಂದ ಲೆಸೆಲೊ ಇಳಿಸಿದಳು,
ಅವಳ ತಾಯಿ ಹೆಣೆದ ಹುಲ್ಲಿನ ಮೊರ.
ಅಂಚು ತಗ್ಗಿಸಿ, ಮಣಿಕಟ್ಟು ಎರಡು ಸಲ ಕೊಡವಿ,
ಉಫ್ ಎಂದು ಊದಿ, ಜೋಳ ಕೇರುವ ಹಾಗೇ ಕೇರಿದಳು.
ಬಿಳಿಯದು ಅಂಗಳಕ್ಕೆ ಹಾರಿತು;
ಕೋಳಿಗಳು ಓಡಿಬಂದು ಮೋಸಹೋದವು.
ಮೊರದಲ್ಲಿ ಉಳಿಯಿತು
ಹುಬ್ಬಿನಷ್ಟು ತೆಳು ಕಪ್ಪು ಗೆರೆ.

ಬಹಳ ಹೊತ್ತು ನೋಡಿದಳು.
"ಯಾರೋ ಹೆಂಗಸು ಇಲ್ಲಿ ಕೂತು ಕೇರುತ್ತಿದ್ದಳು.
ಜೊಳ್ಳೆಲ್ಲ ಹೋಗಿತ್ತು,
ಗಟ್ಟಿಕಾಳು ತುಂಬಿಟ್ಟುಕೊಳ್ಳುವುದೊಂದೇ ಬಾಕಿ.
ಅಷ್ಟರಲ್ಲಿ ಯಾರೋ ಕರೆದಿರಬೇಕು.
ಎದ್ದು ಹೋದವಳು ಮರಳಲಿಲ್ಲ."
ಮರಳು ಮಾತ್ರ ಇತ್ತು.

ಆ ಗೆರೆಯನ್ನು ಖಾಲಿ ಬಾಟಲಿಗೆ ಸುರಿದು ನಲ್ಲಿನೀರು ತುಂಬಿದಳು.
"ಕುಡಿಯಬೇಡ," ಅಂದೆ, ಟಿಕ್ ಟಿಕ್ ನೆನಪಾಗಿ.
"ನನಗಿಂತ ಮುದುಕಿಯನ್ನು ನಾನೇಕೆ ಕುಡಿಯಲಿ?"
ಕುಲುಕಿದಳು. ಕಪ್ಪು ಒಮ್ಮೆ ಎದ್ದು, ತಕ್ಷಣ ತಳಕ್ಕೆ.

ನಾಳೆ ಹದಿನೇಳನೆಯ ರಂಧ್ರ.
ನಕ್ಷೆಯಲ್ಲಿ ಕೆಂಪು ಚುಕ್ಕೆ, ಹೊಲದ ಬದುವಿನಲ್ಲಿ,
ಹೆಸರಿಲ್ಲದ ಏಳು ಕಲ್ಲುಗಳಿರುವಲ್ಲಿ;
ಟ್ರ್ಯಾಕ್ಟರ್ ಕೂಡ ಸುತ್ತುಹಾಕಿ ಹೋಗುವ ಜಾಗ.
ಅಲ್ಲಿ ಮೊಖೆಲೆ ಮಾವ. ಅವನ ಪಕ್ಕ
ನನಗಿಂತ ಮೊದಲು ಹುಟ್ಟಿ ಹೋದ ಅಕ್ಕ.
ಅದಕ್ಕೇ ನನಗೆ ಪುಸೆಲೆಟ್ಸೊ ಎಂದು ಹೆಸರು, ಹೋದದ್ದು ಬಂತು ಎಂದು.
ಫೆಂಟರ್‌ಗೆ ಗೊತ್ತಿಲ್ಲ. ನಾನು ಹೇಳಿಯೂ ಇಲ್ಲ;
ಇದು ತಿಂಗಳ ಕೊನೆ, ಕೂಲಿ ಬಾಕಿ.

"ಎಷ್ಟು ಆಳದಲ್ಲಿದೆ ನಿಮ್ಮ ಕಡಲು?" ಅಜ್ಜಿ ಕೇಳಿದಳು.
"ಹನ್ನೊಂದೂವರೆ."
"ನಮ್ಮವರು ಎರಡರಲ್ಲಿ. ಮೊದಲು ಅವರೇ ಸಿಗುತ್ತಾರೆ."

ಬೆಳಗಿನ ಜಾವ, ಯಂತ್ರದ ಲಾರಿ ಬರುವ ಮೊದಲು
ಲೆಸೆಲೊ ಕಂಕುಳಲ್ಲಿಟ್ಟು ಹೊರಟಳು.
ಕಲ್ಲುಗಳ ನಡುವೆ ಕಾಲುಚಾಚಿ ಕೂತು
ಜೋಳ ಕೇರತೊಡಗಿದಳು.
ದೀಪ ಮೈಮೇಲೆ ಬಿದ್ದಾಗಲೂ ತಲೆಯೆತ್ತಲಿಲ್ಲ.
ಯಾರು ಕರೆದರೂ ಏಳುವ ಹಾಗಿರಲಿಲ್ಲ.