ಇಕ್ಕಳ ಹಿಡಿದವನ ಮಾತು, ಮೆಟಪೊಂಟಿಯನ್

ನನ್ನದು ಇಕ್ಕಳದ ಕೆಲಸ.
ಸುತ್ತಿಗೆ ಲಾಮಿಸ್ಕನದು, ಹೆಸರು ಊರಿನದು.
ಬೆಳ್ಳಿಬಿಲ್ಲೆಯನ್ನು ಕೆಂಡದಿಂದೆತ್ತಿ
ಕೆಳಗಿನ ಅಚ್ಚಿನ ಮೇಲಿಟ್ಟು ಉಸಿರು ಹಿಡಿಯಬೇಕು.
ಒಂದೇ ಏಟು. ಎರಡನೆಯದು ಬಿದ್ದರೆ
ತೆನೆಗೆ ನೆರಳು ಮೂಡುತ್ತದೆ, ನನಗೆ ಬೈಗುಳ.

ಒಂದು ಮಗ್ಗುಲಲ್ಲಿ ಜವೆಗೋಧಿಯ ತೆನೆ ಉಬ್ಬಿ,
ಇನ್ನೊಂದರಲ್ಲಿ ಅದೇ ತೆನೆ ತಗ್ಗಿ.
ಬೇರೆ ಊರಿನವರು ತಿರುವಿ ತಿರುವಿ ನೋಡುತ್ತಾರೆ
ಕಾಳು ಎಲ್ಲಿ ಹೋಯಿತೆಂದು.
ಕಣಜದ ಲೆಕ್ಕದ ಫಿಂಟೋನ್ ಒಮ್ಮೆ ಕುಡಿದು ಹೇಳಿದ:
'ಮುಂದೆ ಪೈರು, ಹಿಂದೆ ಕೊಯ್ದ ಹೊಲ.'
ಮರುದಿನ ಕೇಳಿದರೆ ನೆನಪಿಲ್ಲವೆಂದ.

ಈ ನೆಲದಲ್ಲಿ ಬೆಳ್ಳಿಯಿಲ್ಲ.
ಇರುವುದು ಜವೆ, ಸೊಳ್ಳೆ, ಎರಡು ನದಿಯ ಕೆಸರು.
ಹಡಗು ತುಂಬ ಕಾಳು ಹೋಗುತ್ತದೆ,
ಚೀಲದಲ್ಲಿ ಕೊರಿಂಥದ ಕುದುರೆ ಬರುತ್ತದೆ,
ಹೆಬ್ಬೆರಳ ಉಗುರಿನಷ್ಟು, ರೆಕ್ಕೆ ಬೇರೆ ಅದಕ್ಕೆ.
ರೇವಿನಲ್ಲಿ ಸುಂಕ ಕೊಟ್ಟು ಒಳಗೆ ಬಂದರೆ
ಅದರ ಬೆನ್ನ ಮೇಲೆ ತೆನೆಯ ಸುಂಕು.

ಎಷ್ಟು ಕಾಸಿದರೂ, ಎಷ್ಟು ಬಡಿದರೂ
ಕೆಲವು ಕುದುರೆ ಪೂರ್ತಿ ಸಾಯುವುದಿಲ್ಲ.
ಕಾಳಿನ ಸಾಲುಗಳ ನಡುವೆ ಗೊರಸು,
ಎಲೆಯಿರಬೇಕಾದಲ್ಲಿ ಗರಿ.
ಲಾಮಿಸ್ಕ ಅಂಥವನ್ನು ಗುಡ್ಡೆಯ ಅಡಿಗೆ ತಳ್ಳುತ್ತಾನೆ.
ತೂಕ ಸರಿಯಿದೆ, ಯಾರು ನೋಡುತ್ತಾರೆ.

ನಾನು ನೋಡುತ್ತೇನೆ.

ನನ್ನವ್ವ ಬೆಟ್ಟದ ಕಡೆಯವಳು,
ಹಡಗು ಬರುವ ಮೊದಲೇ ಇಲ್ಲಿದ್ದ ಜನ.
ಅಪ್ಪನ ಮನೆಯಲ್ಲಿ ಗ್ರೀಕು ಕಲಿತಳು, ಹೆಸರು ಬದಲಿಸಿದರು.
'ಓನಾಸೋ' ಎಂದು ಕೂಗಿದರೆ ತಾನೇ ಎಂದು ತಿರುಗಲು
ಎರಡು ಸುಗ್ಗಿ ಹಿಡಿಯಿತಂತೆ.
ಜವೆಗೆ ಅವಳ ನುಡಿಯಲ್ಲಿ ಬೇರೆಯೇ ಮಾತಿತ್ತು.
ಹಿಟ್ಟು ನಾದುವಾಗ, ಯಾರೂ ಇಲ್ಲವೆಂದುಕೊಂಡು,
ಬೋಗುಣಿಗೆ ಹೇಳುತ್ತಿದ್ದಳು.
ಬಾಗಿಲ ಹಿಂದೆ ನಿಂತು ಕೇಳಿದ್ದೆ.
ಈಗ ನಾಲಗೆಗೆ ತರಲಾರೆ. ಮೊದಲ ಸದ್ದು
ತುಟಿ ಸೇರಿಸಿದರೆ ಬರುವಂಥದು,
ಅಷ್ಟು ಗೊತ್ತು.

ನಿನ್ನೆ ಮಧ್ಯಾಹ್ನ ಕೈ ತುಸು ಅಲುಗಿತು.
ತೆನೆ ಓರೆಯಾಗಿ ಬಿದ್ದು
ಕುದುರೆಯ ಒಂದು ಕಣ್ಣು ಹಾಗೇ ಉಳಿದು
ಬಿಸಿ ಆರುತ್ತ ನನ್ನನ್ನೇ ನೋಡಿತು.
ಲಾಮಿಸ್ಕನಿಗೆ ಕಿವಿ ಹೋಗಿ ಎಷ್ಟೋ ವರ್ಷ,
ಊರೇ ಕಿವುಡೆಂಬಂತೆ ಕೂಗುತ್ತಾನೆ:
'ಕಾಸು! ಇನ್ನೊಮ್ಮೆ ಕಾಸು!'

ಇಕ್ಕಳದಲ್ಲೆತ್ತಿ ಕೆಂಡದ ಮೇಲೆ ಹಿಡಿದೆ.
ತುಟಿ ಸೇರಿಸಿದೆ.
ಸದ್ದು ಬರುವ ಮೊದಲೇ ಬೆಳ್ಳಿ ಕೆಂಪಾಯಿತು.